ಕನ್ನಡಕ್ಕೆ ತಂದ ಮನೋಮಾಪನ ಪ್ರಶ್ನಾವಳಿಯನ್ನು ಒರೆಗೆ ಹಚ್ಚುವ ಕ್ರಮ

ಮನಃಶಾಸ್ತ್ರದ ಸ್ನಾತಕೋತ್ತರ ಪ್ರಬಂಧಗಳಲ್ಲಿ ಸಂಶೋಧನಾ ವಿಧಾನವನ್ನು ವಿವರಿಸುವ ಅಧ್ಯಾಯಕ್ಕೆ ಬಂದಾಗ ಒಂದು ವಾಕ್ಯ ಮತ್ತೆ ಮತ್ತೆ ಎದುರಾಗುತ್ತದೆ: "ಈ ಮಾಪನದ ವಿಶ್ವಸನೀಯತೆ 0.89 ಇರುವುದರಿಂದ ಇದನ್ನು ಪ್ರಸ್ತುತ ಅಧ್ಯಯನಕ್ಕೆ ಬಳಸಲಾಗಿದೆ." ಆ 0.89 ಎಲ್ಲಿಂದ ಬಂತು ಎಂದು ಹುಡುಕಿದರೆ ಅದು ಬೇರೊಂದು ದೇಶದಲ್ಲಿ, ಬೇರೊಂದು ಭಾಷೆಯಲ್ಲಿ, ಬೇರೊಂದು ಬಗೆಯ ಜನರಿಂದ ಪಡೆದ ಉತ್ತರಗಳ ಮೇಲೆ ಲೆಕ್ಕ ಹಾಕಿದ ಸಂಖ್ಯೆಯಾಗಿರುತ್ತದೆ. ಹಾವೇರಿಯ ರೈತ ಮಹಿಳೆಯರೋ ಮೈಸೂರಿನ ಪದವಿ ವಿದ್ಯಾರ್ಥಿಗಳೋ ಕೊಟ್ಟ ಉತ್ತರಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ವಿಶ್ವಸನೀಯತೆ ಮತ್ತು ಸಪ್ರಮಾಣತೆ, ಅಂದರೆ ತರಗತಿಗಳಲ್ಲಿ ನಾವು ರಿಲಯಬಿಲಿಟಿ (ಅಳತೆ ಪ್ರತಿ ಸಲವೂ ಸ್ಥಿರವಾಗಿರುವುದು) ಮತ್ತು ವ್ಯಾಲಿಡಿಟಿ (ಅಳೆಯಬೇಕಾದದ್ದನ್ನೇ ಅಳೆಯುವುದು) ಎಂದು ಕರೆಯುವ ಗುಣಗಳು, ಪ್ರಶ್ನಾವಳಿಯ ಹಾಳೆಗೆ ಅಂಟಿಕೊಂಡು ಊರಿಂದೂರಿಗೆ ಸಾಗುವುದಿಲ್ಲ. ನಿರ್ದಿಷ್ಟ ಜನರಿಂದ, ನಿರ್ದಿಷ್ಟ ಸನ್ನಿವೇಶದಲ್ಲಿ, ನಿರ್ದಿಷ್ಟ ಉದ್ದೇಶಕ್ಕಾಗಿ ಪಡೆದ ಅಂಕಗಳಿಗೆ ಅವು ಸೇರಿದವು. ಆದ್ದರಿಂದ ಸಂಶೋಧಕರು ಅವನ್ನು ತಮ್ಮ ಅಧ್ಯಯನದಲ್ಲಿಯೇ ಮತ್ತೊಮ್ಮೆ ಸಂಪಾದಿಸಬೇಕಾಗುತ್ತದೆ.

ಅದನ್ನು ಮಾಡುವ ಬಗೆಯನ್ನು ಇಲ್ಲಿ ಒಂದೇ ಉದಾಹರಣೆಯನ್ನು ಹಿಡಿದು ವಿವರಿಸಿದ್ದೇನೆ. ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯನ್ನು ಕ್ರೋಯೆಂಕೆ, ಸ್ಪಿಟ್ಜರ್ ಮತ್ತು ವಿಲಿಯಮ್ಸ್ 2001ರಲ್ಲಿ ಪ್ರಕಟಿಸಿದರು. ಅದರಲ್ಲಿ 9 ಪ್ರಶ್ನೆಗಳಿದ್ದು, ಕಳೆದ ಎರಡು ವಾರಗಳಲ್ಲಿ ಪ್ರತಿಯೊಂದು ತೊಂದರೆ ಎಷ್ಟು ದಿನ ಕಾಡಿತು ಎಂಬುದಕ್ಕೆ 0ಯಿಂದ 3ರವರೆಗೆ ಅಂಕ ಕೊಡಲಾಗುತ್ತದೆ. ಒಟ್ಟು ಅಂಕ 0ಯಿಂದ 27ರವರೆಗೆ ಹೋಗುತ್ತದೆ. ಇದು ಚಿಕ್ಕದು, ಉಚಿತವಾಗಿ ಸಿಗುತ್ತದೆ, ನಮ್ಮ ವಿದ್ಯಾರ್ಥಿಗಳು ಇದನ್ನು ಬಹಳವಾಗಿ ಬಳಸುತ್ತಾರೆ, ಹಾಗಾಗಿ ಉದಾಹರಣೆಗೆ ಅನುಕೂಲವಾಗಿದೆ.

ಮೊದಲು ಉದ್ದೇಶವನ್ನು ಬರೆದಿಟ್ಟುಕೊಳ್ಳಿ

ಲೆಕ್ಕಾಚಾರಕ್ಕೆ ಕೈಹಾಕುವ ಮುನ್ನ ಒಂದು ವಾಕ್ಯವನ್ನು ಬರೆಯಬೇಕು: ಈ ಅಂಕಗಳಿಂದ, ಯಾರ ಬಗ್ಗೆ, ಯಾವ ತೀರ್ಮಾನಕ್ಕೆ ಬರಲು ಹೊರಟಿದ್ದೇನೆ? ಅಮೆರಿಕದ ಮೂರು ವೃತ್ತಿಪರ ಸಂಸ್ಥೆಗಳು ಸೇರಿ 2014ರಲ್ಲಿ ಪರಿಷ್ಕರಿಸಿದ ಪರೀಕ್ಷಾ ಮಾನದಂಡಗಳು ಸಪ್ರಮಾಣತೆಯನ್ನು ಇದೇ ನೆಲೆಯಿಂದ ವಿವರಿಸುತ್ತವೆ. ಉದ್ದೇಶಿತ ಬಳಕೆಗಾಗಿ ಅಂಕಗಳಿಗೆ ನಾವು ಕೊಡುವ ಅರ್ಥವನ್ನು ಪುರಾವೆ ಮತ್ತು ಸಿದ್ಧಾಂತಗಳು ಎಷ್ಟರ ಮಟ್ಟಿಗೆ ಸಮರ್ಥಿಸುತ್ತವೆ ಎಂಬುದೇ ಅಲ್ಲಿನ ಪ್ರಶ್ನೆ. "ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವ ವಯಸ್ಕರಲ್ಲಿ ಯಾರನ್ನು ಮನೋವೈದ್ಯರ ಬಳಿಗೆ ಕಳಿಸಬೇಕು ಎಂದು ನಿರ್ಧರಿಸುವುದಕ್ಕೆ" ಎಂಬುದು ಒಂದು ಬಳಕೆಯಾದರೆ, "ಪರೀಕ್ಷೆಗೆ ಮೊದಲು ಮತ್ತು ನಂತರ ವಿದ್ಯಾರ್ಥಿಗಳ ಸರಾಸರಿ ಖಿನ್ನತೆಯನ್ನು ಹೋಲಿಸುವುದಕ್ಕೆ" ಎಂಬುದು ಮತ್ತೊಂದು. ಮೊದಲನೆಯದಕ್ಕೆ ಗಡಿ ಅಂಕದ, ಅಂದರೆ ಎಷ್ಟು ಅಂಕ ಬಂದವರನ್ನು ಮುಂದಕ್ಕೆ ಕಳಿಸಬೇಕು ಎಂಬ ಮಿತಿಯ, ಬಗ್ಗೆ ಗಟ್ಟಿಯಾದ ಪುರಾವೆ ಬೇಕು, ಎರಡನೆಯದಕ್ಕೆ ಕಾಲಾಂತರದ ಸ್ಥಿರತೆಯ ಬಗ್ಗೆ ತಿಳಿದಿರಬೇಕು. ಈ ವಾಕ್ಯವಿಲ್ಲದೆ ಆರಂಭಿಸಿದವರು ಸಿಕ್ಕ ಗುಣಾಂಕಗಳನ್ನೆಲ್ಲ ಪಟ್ಟಿ ಮಾಡುತ್ತಾರೆಯೇ ಹೊರತು, ಯಾವುದು ತಮಗೆ ಬೇಕಾದದ್ದು ಎಂದು ಹೇಳಲಾರರು.

ಎರಡು ಗುಣಗಳ ವ್ಯತ್ಯಾಸವನ್ನು ಇಲ್ಲಿ ಚಿಕ್ಕದಾಗಿ ಹೇಳಿದರೆ ಸಾಕು. ತಳ ಒಳಕ್ಕೆ ಉಬ್ಬಿದ ಸೇರಿನಲ್ಲಿ ಅಕ್ಕಿ ಅಳೆದರೆ ಪ್ರತಿ ಸಲವೂ ಒಂದೇ ಪ್ರಮಾಣ ಬರುತ್ತದೆ, ಆದರೆ ಅದು ಸೇರಲ್ಲ. ಅಳತೆ ವಿಶ್ವಸನೀಯವಾಗಿದೆ, ಸಪ್ರಮಾಣವಾಗಿಲ್ಲ. ಹಿಮ್ಮುಖವಾಗಿ ಮಾತ್ರ ಹಾಗಾಗುವುದಿಲ್ಲ. ಪ್ರತಿ ಸಲವೂ ಬೇರೆ ಬೇರೆ ಪ್ರಮಾಣ ಕೊಡುವ ಅಳತೆ ಯಾವುದನ್ನೂ ಸರಿಯಾಗಿ ಅಳೆಯಲಾರದು. ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲಿಯೇ ಇದಕ್ಕೆ ಗಣಿತದ ರೂಪ ಕೊಟ್ಟರು. ನಾವು ಅಳೆಯಹೊರಟ ಎರಡು ಲಕ್ಷಣಗಳ ನಡುವೆ ನಿಜವಾಗಿ 0.50 ಸಹಸಂಬಂಧವಿದ್ದು (ಒಂದು ಏರಿಳಿದಂತೆ ಇನ್ನೊಂದೂ ಎಷ್ಟು ಏರಿಳಿಯುತ್ತದೆ ಎಂಬುದರ ಅಳತೆ ಇದು), ಅವುಗಳನ್ನು ಅಳೆಯುವ ಎರಡೂ ಮಾಪನಗಳ ವಿಶ್ವಸನೀಯತೆ 0.70 ಇದ್ದರೆ, ನಮ್ಮ ಕೈಗೆ ಸಿಗುವ ಸಹಸಂಬಂಧ 0.35ಕ್ಕೆ ಇಳಿಯುತ್ತದೆ. "ಎರಡು ಚರಗಳ ನಡುವೆ ಸಂಬಂಧ ಕಂಡುಬರಲಿಲ್ಲ" ಎಂದು ಮುಗಿಯುವ ಎಷ್ಟೋ ಪ್ರಬಂಧಗಳಲ್ಲಿ ಸಂಬಂಧವು ಇದ್ದೂ ದುರ್ಬಲ ಮಾಪನದಲ್ಲಿ ಕರಗಿಹೋಗಿರಬಹುದು ಎಂಬುದನ್ನು ಮಾರ್ಗದರ್ಶಕರು ನೆನಪಿಸಬೇಕು.

ಭಾಷಾಂತರವೇ ಮೊದಲ ಪರೀಕ್ಷೆ

ಹೊಸ ಅನುವಾದಕ್ಕೆ ಹೊರಡುವ ಮೊದಲು ಈಗಾಗಲೇ ಇರುವ ಕನ್ನಡ ರೂಪವನ್ನು ಹುಡುಕಿ, ಬಳಸಲು ಅನುಮತಿ ಬೇಕಿದ್ದರೆ ಪಡೆಯಿರಿ. ಒಂದೇ ಮಾಪನಕ್ಕೆ ಹತ್ತು ಅನುವಾದಗಳಿದ್ದರೆ ಅಧ್ಯಯನಗಳನ್ನು ಒಂದಕ್ಕೊಂದು ಹೋಲಿಸಲಾಗುವುದಿಲ್ಲ. ಹೊಸದಾಗಿ ಮಾಡಲೇಬೇಕಾದರೆ ಇಬ್ಬರು ಬೇರೆ ಬೇರೆಯಾಗಿ ಅನುವಾದಿಸಿ, ಆಮೇಲೆ ಕೂತು ಒಂದು ರೂಪಕ್ಕೆ ಬರಬೇಕು. ಮೂಲವನ್ನು ನೋಡದ ಮೂರನೆಯವರು ಅದನ್ನು ಇಂಗ್ಲಿಷಿಗೆ ಹಿಂದಿರುಗಿಸಬೇಕು. ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ವಿವರಿಸಿದ ಈ ಮರು ಅನುವಾದದ ಕ್ರಮ ಇಂದಿಗೂ ಬಳಕೆಯಲ್ಲಿದೆ. ಆದರೆ ಅದರ ಮೇಲೆ ಅತಿಯಾದ ಭರವಸೆ ಇಡುವುದು ತಪ್ಪೆಂದು ನನ್ನ ಅಭಿಪ್ರಾಯ. ಪದಕ್ಕೆ ಪದವಿಟ್ಟ, ಯಾರೂ ಆಡದ ಕನ್ನಡವೇ ಬಹಳ ಸಲೀಸಾಗಿ ಮೂಲದ ಇಂಗ್ಲಿಷಿಗೆ ಹಿಂದಿರುಗುತ್ತದೆ. ಮರು ಅನುವಾದದಲ್ಲಿ ಚೆನ್ನಾಗಿ ತೇರ್ಗಡೆಯಾದ ವಾಕ್ಯ ಓದುಗರಿಗೆ ಅರ್ಥವೇ ಆಗದೆ ಹೋಗಬಹುದು.

ಪಿಎಚ್‌ಕ್ಯೂ-9ರ ಪ್ರಶ್ನೆಗಳನ್ನೇ ನೋಡಿ. ಏಕಾಗ್ರತೆಯ ಕುರಿತ ಏಳನೆಯ ಪ್ರಶ್ನೆ ದಿನಪತ್ರಿಕೆ ಓದುವುದನ್ನೂ ಟಿವಿ ನೋಡುವುದನ್ನೂ ಉದಾಹರಣೆಯಾಗಿ ಕೊಡುತ್ತದೆ. ಓದು ಬಾರದವರಿಗೆ ಪತ್ರಿಕೆಯ ಮಾತು ಸಲ್ಲುವುದಿಲ್ಲ; ಅವರು "ಇಲ್ಲ" ಎಂದರೆ ಏಕಾಗ್ರತೆ ಸರಿಯಾಗಿದೆ ಎಂದು ಅರ್ಥವೋ, ಪತ್ರಿಕೆಯನ್ನೇ ಓದುವುದಿಲ್ಲ ಎಂದು ಅರ್ಥವೋ ತಿಳಿಯದು. ಅಂಥವರಿಗೆ ಅಡುಗೆ ಮಾಡುವಾಗ, ದುಡ್ಡಿನ ಲೆಕ್ಕ ಹಾಕುವಾಗ, ಯಾರಾದರೂ ಹೇಳಿದ್ದನ್ನು ಕೇಳಿಸಿಕೊಳ್ಳುವಾಗ ಮನಸ್ಸು ನಿಲ್ಲುತ್ತದೆಯೇ ಎಂದು ಕೇಳಬೇಕಾಗುತ್ತದೆ. ಐದನೆಯ ಪ್ರಶ್ನೆ ಹಸಿವಾಗದಿರುವುದನ್ನೂ ಅತಿಯಾಗಿ ತಿನ್ನುವುದನ್ನೂ ಒಟ್ಟಿಗೆ ಕೇಳುತ್ತದೆ, ಮೂರನೆಯದು ನಿದ್ದೆ ಬಾರದಿರುವುದನ್ನೂ ಅತಿಯಾದ ನಿದ್ದೆಯನ್ನೂ ಒಂದೇ ವಾಕ್ಯದಲ್ಲಿ ಸೇರಿಸುತ್ತದೆ. ಗಟ್ಟಿಯಾಗಿ ಓದಿ ಹೇಳಿದಾಗ ಕೇಳುಗರು ಹೆಚ್ಚಾಗಿ ಕೊನೆಯ ಭಾಗಕ್ಕೆ ಮಾತ್ರ ಉತ್ತರಿಸುವ ಅಪಾಯವಿದೆ. ಶ್ರಾವಣದಲ್ಲಿಯೋ ರಂಜಾನ್‌ನಲ್ಲಿಯೋ ಮಾಹಿತಿ ಸಂಗ್ರಹಿಸಿದರೆ ಊಟ ಮತ್ತು ನಿದ್ದೆಯ ಕುರಿತ ಉತ್ತರಗಳಲ್ಲಿ ವ್ರತ ಉಪವಾಸಗಳ ನೆರಳು ಬೀಳುತ್ತದೆ.

ಉತ್ತರದ ಆಯ್ಕೆಗಳೂ ಅಷ್ಟೇ ಕಷ್ಟ ಕೊಡುತ್ತವೆ. "ಅರ್ಧಕ್ಕಿಂತ ಹೆಚ್ಚು ದಿನಗಳು" ಎಂಬ ಆಯ್ಕೆಯನ್ನು ಹದಿನಾಲ್ಕು ದಿನಗಳ ಮೇಲೆ ಲೆಕ್ಕ ಹಾಕಿ ಉತ್ತರಿಸುವುದು ಶಾಲೆ ಕಲಿತವರಿಗೂ ಸುಲಭವಲ್ಲ. ವಾರದ ಸಂತೆಯಿಂದ ದಿನಗಳನ್ನು ಎಣಿಸುವ ಊರಿನಲ್ಲಿ "ಹಿಂದಿನ ಸಂತೆಗೂ ಮುಂಚಿನ ಸಂತೆಯಿಂದ ಇವತ್ತಿನವರೆಗೆ" ಎಂದು ಕಾಲವನ್ನು ಗುರುತಿಸಿಕೊಟ್ಟರೆ ಉತ್ತರ ಖಚಿತವಾಗುತ್ತದೆ. ಹೀಗೆ ಬದಲಿಸಿದ್ದನ್ನೆಲ್ಲ ಬರೆದಿಡಬೇಕು. ಬದಲಾವಣೆಗಳ ದಾಖಲೆಯೂ ಸಪ್ರಮಾಣತೆಯ ಪುರಾವೆಯ ಒಂದು ಭಾಗ.

ಇವನ್ನೆಲ್ಲ ಮೇಜಿನ ಮುಂದೆ ಕುಳಿತು ಊಹಿಸಲಾಗದು. ಅಂತಿಮ ರೂಪಕ್ಕೆ ಮೊದಲು ನಿಮ್ಮ ಅಧ್ಯಯನಕ್ಕೆ ಒಳಪಡುವಂಥ ಕೆಲವರ ಜೊತೆ ಕುಳಿತು, ಪ್ರತಿ ಪ್ರಶ್ನೆಯ ನಂತರ "ಈ ಪ್ರಶ್ನೆ ಏನು ಕೇಳ್ತಾ ಇದೆ ಅಂತ ನಿಮ್ಮ ಮಾತಿನಲ್ಲಿ ಹೇಳಿ", "ಈ ಉತ್ತರಕ್ಕೆ ಹೇಗೆ ಬಂದಿರಿ?" ಎಂದು ಕೇಳಿ, ಅವರ ಮಾತನ್ನು ಹಾಗೆಯೇ ಬರೆದುಕೊಳ್ಳಿ. ಧಾರವಾಡದ ಕಡೆಯವರಿಗೂ ಮಂಗಳೂರಿನ ಕಡೆಯವರಿಗೂ ಚಾಮರಾಜನಗರದವರಿಗೂ ಒಂದೇ ವಾಕ್ಯ ಒಂದೇ ರೀತಿ ಕೇಳಿಸುವುದಿಲ್ಲವಾದ್ದರಿಂದ, ಹಲವು ಜಿಲ್ಲೆಗಳನ್ನು ಒಳಗೊಂಡ ಅಧ್ಯಯನವಾದರೆ ಈ ಸಂದರ್ಶನಗಳನ್ನು ಪ್ರತಿ ಭಾಗದಲ್ಲಿಯೂ ನಡೆಸಬೇಕು. ಈ ಹಂತದಲ್ಲಿ ಕಳೆದ ಒಂದು ವಾರ ಮುಂದೆ ಎಷ್ಟೋ ಕಾಗದ ಮತ್ತು ಕಷ್ಟವನ್ನು ಉಳಿಸುತ್ತದೆ. ಅತ್ತೆಯೋ ಗಂಡನೋ ಪಕ್ಕದಲ್ಲಿ ಕುಳಿತಿರುವಾಗ ಸೊಸೆಯೊಬ್ಬಳು ಕೊಡುವ ಉತ್ತರ ಅವಳ ಮನಃಸ್ಥಿತಿಗಿಂತ ಆ ಮನೆಯ ಮರ್ಯಾದೆಯನ್ನೇ ಹೆಚ್ಚು ಹೇಳಬಹುದು ಎಂಬುದೂ ಇಲ್ಲಿಯೇ ಬೆಳಕಿಗೆ ಬರುತ್ತದೆ. ಏಕಾಂತವಾಗಿ ಮಾತನಾಡುವ ವ್ಯವಸ್ಥೆ ಇಲ್ಲದೆ ಮುಂದುವರಿಯಬಾರದು.

ಇನ್ನೊಂದು ಪ್ರಶ್ನೆ ಬಾಕಿ ಉಳಿಯುತ್ತದೆ: ನಮ್ಮ ಜನ ಖಿನ್ನತೆಯನ್ನು ಹೇಳಿಕೊಳ್ಳುವ ಬಗೆಗಳು ಈ ಒಂಬತ್ತು ಪ್ರಶ್ನೆಗಳಲ್ಲಿ ಸೇರಿವೆಯೇ? ತಲೆ ಭಾರ, ಎದೆ ಉರಿ, ಮೈಕೈ ಸೆಳೆತ, ಕೈಕಾಲಿನಲ್ಲಿ ಬಲವಿಲ್ಲದಿರುವುದು ಎಂದು ದೇಹದ ಮಾತಿನಲ್ಲಿ ನೋವನ್ನು ಹೇಳಿಕೊಳ್ಳುವವರು ನಮ್ಮಲ್ಲಿ ಕಡಿಮೆಯಿಲ್ಲ. ಈ ಕಾಳಜಿಗೆ ಕರ್ನಾಟಕದಲ್ಲಿ ಹಳೆಯ ಹಿನ್ನೆಲೆಯಿದೆ. ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ ಬಿನೆಯ ಬುದ್ಧಿಮಾಪನವನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಪರಿಷ್ಕರಿಸಿದರು. ಈಗಿನ ಉಡುಪಿ ಜಿಲ್ಲೆಯ ಕೋಟದಲ್ಲಿ ಮಾನಸಿಕ ಆರೋಗ್ಯದ ಅಧ್ಯಯನ ನಡೆಸಿದ ಆರ್. ಎಲ್. ಕಪೂರ್ ಮತ್ತು ಜಿ. ಎಂ. ಕಾರ್ಸ್ಟೇರ್ಸ್ ಅವರು ಹೊರಗಿನ ಮಾಪನವನ್ನು ಹಾಗೆಯೇ ತಂದಿಳಿಸಲಿಲ್ಲ. ಭಾರತದ ಸನ್ನಿವೇಶಕ್ಕೆ ಹೊಂದುವ ಸಂದರ್ಶನ ಪಟ್ಟಿಯೊಂದನ್ನು ರೂಪಿಸಿ 1974ರಲ್ಲಿ ಪ್ರಕಟಿಸಲಾಯಿತು. ಅರ್ಧ ಶತಮಾನದ ಹಿಂದೆ ಹಳ್ಳಿಯೊಂದರಲ್ಲಿ ಅವರು ಪಟ್ಟ ಶ್ರಮವನ್ನು ನೆನೆದರೆ, ಇಂದು ಅಂತರಜಾಲದಿಂದ ಇಳಿಸಿಕೊಂಡ ಹಾಳೆಯನ್ನು ನೇರವಾಗಿ ಗೂಗಲ್ ಫಾರ್ಮ್‌ಗೆ ಹಾಕಿ ಹಂಚುವುದನ್ನು ಒಪ್ಪುವುದು ಕಷ್ಟ.

ಅಳೆಯುವ ಗುಣದ ಎಲ್ಲ ಮುಖಗಳೂ ಪ್ರಶ್ನೆಗಳಲ್ಲಿ ಸೇರಿವೆಯೇ ಎಂಬ ಈ ವಿಷಯ ಸಪ್ರಮಾಣತೆಗೆ ತಜ್ಞರ ಅಭಿಪ್ರಾಯವನ್ನು ಸಂಖ್ಯೆಯಾಗಿ ಕೊಡಬೇಕಿದ್ದರೆ ಲಾಶ್ ಎಂಬವರು 1975ರಲ್ಲಿ ಸೂಚಿಸಿದ ಅನುಪಾತ ಸರಳವಾಗಿದೆ. ಪ್ರತಿ ಪ್ರಶ್ನೆಯನ್ನು "ಅತ್ಯಗತ್ಯ" ಎಂದವರ ಸಂಖ್ಯೆಯಿಂದ ಒಟ್ಟು ತಜ್ಞರ ಅರ್ಧವನ್ನು ಕಳೆದು, ಅದೇ ಅರ್ಧದಿಂದ ಭಾಗಿಸಬೇಕು. ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಅತ್ಯಗತ್ಯ ಎಂದರೆ 0.80 ಬರುತ್ತದೆ, ಹತ್ತು ತಜ್ಞರಿದ್ದಾಗ ಅವರು ಕೊಟ್ಟ ಕನಿಷ್ಠ ಮಿತಿ 0.62. ತಜ್ಞರಲ್ಲಿ ಮನಃಶಾಸ್ತ್ರದ ಅಧ್ಯಾಪಕರಷ್ಟೇ ಇರದೆ, ಆ ಜನರೊಡನೆ ದಿನವೂ ಒಡನಾಡುವ ಆಪ್ತಸಮಾಲೋಚಕರೂ ದಾದಿಯರೂ ಇರಲಿ.

ವಿಶ್ವಸನೀಯತೆಯ ಲೆಕ್ಕ

ಎಲ್ಲರೂ ಮೊದಲು ಕೈಹಾಕುವುದು ಲೀ ಕ್ರಾನ್‌ಬ್ಯಾಕ್ 1951ರಲ್ಲಿ ಪ್ರಚುರಪಡಿಸಿದ ಆಲ್ಫಾ ಗುಣಾಂಕಕ್ಕೆ. ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದಿಕೊಂಡು ನಡೆಯುತ್ತವೆ ಎಂಬುದನ್ನು ಅದು ತೋರಿಸುತ್ತದೆ. ಪಿಎಚ್‌ಕ್ಯೂ-9ರ ಮೂಲ ಅಧ್ಯಯನದಲ್ಲಿ ಸಾಮಾನ್ಯ ಚಿಕಿತ್ಸಾಲಯಗಳ ರೋಗಿಗಳಲ್ಲಿ 0.89, ಸ್ತ್ರೀರೋಗ ಮತ್ತು ಹೆರಿಗೆ ಚಿಕಿತ್ಸಾಲಯಗಳಲ್ಲಿ 0.86 ಬಂದಿತ್ತು, ಒಂದೇ ಅಧ್ಯಯನದೊಳಗೆ ಜನ ಬದಲಾದಂತೆ ಸಂಖ್ಯೆ ಬದಲಾಗಿರುವುದನ್ನು ಗಮನಿಸಿ. ಜಮೋವಿ, ಜಾಸ್ಪ್ ಎಂಬ ಉಚಿತ ತಂತ್ರಾಂಶಗಳಲ್ಲಿ ಆಲ್ಫಾವನ್ನೂ ಅದರಂತೆಯೇ ವಿಶ್ವಸನೀಯತೆಯನ್ನು ತೋರಿಸುವ ಒಮೆಗಾ ಗುಣಾಂಕವನ್ನೂ ಪಡೆಯಬಹುದು. ಎಲ್ಲ ಪ್ರಶ್ನೆಗಳೂ ಗುಣವನ್ನು ಸಮಾನವಾಗಿ ಪ್ರತಿನಿಧಿಸುತ್ತವೆ ಎಂದು ಒಮೆಗಾ ಭಾವಿಸುವುದಿಲ್ಲವಾದ್ದರಿಂದ ಎರಡನ್ನೂ ಕೊಡುವುದು ಒಳ್ಳೆಯದು. ನಿಮ್ಮ ಮಾಪನದಲ್ಲಿ ಹಿಮ್ಮುಖ ಪ್ರಶ್ನೆಗಳಿದ್ದರೆ (ಉಳಿದವುಗಳಿಗೆ ವಿರುದ್ಧ ದಿಕ್ಕಿನಲ್ಲಿ ಕೇಳಿದವು) ಅಂಕಗಳನ್ನು ತಿರುಗಿಸಿದ ನಂತರವೇ ಲೆಕ್ಕ ಹಾಕಿ. ಆಲ್ಫಾ ವಿಚಿತ್ರವಾಗಿ ಕಡಿಮೆ ಬಂದಾಗ ಮೊದಲು ನೋಡಬೇಕಾದದ್ದು ಇದನ್ನೇ.

ಆಲ್ಫಾದ ದೊಡ್ಡ ದೌರ್ಬಲ್ಯವೆಂದರೆ ಪ್ರಶ್ನೆಗಳ ಸಂಖ್ಯೆ ಹೆಚ್ಚಿದಂತೆ ಅದು ತಾನಾಗಿ ಏರುತ್ತದೆ. ಪ್ರಶ್ನೆಗಳ ನಡುವಿನ ಸರಾಸರಿ ಸಹಸಂಬಂಧ 0.30 ಮಾತ್ರ ಇದ್ದರೂ 5 ಪ್ರಶ್ನೆಗಳಿಗೆ ಸುಮಾರು 0.68, 10 ಪ್ರಶ್ನೆಗಳಿಗೆ 0.81, 20 ಪ್ರಶ್ನೆಗಳಿಗೆ 0.90 ಬರುತ್ತದೆ. ಹೀಗಾಗಿ ಉದ್ದದ ಪ್ರಶ್ನಾವಳಿಯ 0.90 ನೋಡಿ ಹಿಗ್ಗಬೇಕಾಗಿಲ್ಲ, ಐದು ಪ್ರಶ್ನೆಗಳ 0.68 ನೋಡಿ ಕುಗ್ಗಬೇಕಾಗಿಯೂ ಇಲ್ಲ. 0.95 ದಾಟಿದರೆ ಒಂದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಕೇಳಿದ್ದೇವೆಯೇ ಎಂದು ಅನುಮಾನಿಸಬೇಕು. ಆಲ್ಫಾ ಹೆಚ್ಚಿದ್ದ ಮಾತ್ರಕ್ಕೆ ಮಾಪನ ಒಂದೇ ಗುಣವನ್ನು ಅಳೆಯುತ್ತಿದೆ ಎಂದು ಬರೆಯಬೇಡಿ; ಅದಕ್ಕೆ ಅಂಶ ವಿಶ್ಲೇಷಣೆ, ಅಂದರೆ ಪ್ರಶ್ನೆಗಳು ಎಷ್ಟು ಗುಂಪುಗಳಾಗಿ ಕೂಡುತ್ತವೆ ಎಂದು ನೋಡುವ ಲೆಕ್ಕ, ಬೇಕು. ಜೊತೆಗೆ ಪ್ರತಿ ಪ್ರಶ್ನೆಗೂ ಉಳಿದ ಪ್ರಶ್ನೆಗಳ ಮೊತ್ತಕ್ಕೂ ಇರುವ ಸಹಸಂಬಂಧವನ್ನು ನೋಡಿ. ಅದು 0.30ಕ್ಕಿಂತ ಕಡಿಮೆಯಿರುವ ಪ್ರಶ್ನೆಯನ್ನು ಕೂಡಲೇ ಕಿತ್ತೆಸೆಯದೆ, ಸಂದರ್ಶನದ ಟಿಪ್ಪಣಿಗಳಿಗೆ ಮರಳಿ ಅದು ಜನರಿಗೆ ಹೇಗೆ ಕೇಳಿಸಿತ್ತು ಎಂದು ಪರಿಶೀಲಿಸಿ. ಬಹುಮಟ್ಟಿಗೆ ಉತ್ತರ ಅಲ್ಲಿಯೇ ಇರುತ್ತದೆ.

ಕಾಲಾಂತರದ ಸ್ಥಿರತೆಯನ್ನು ತಿಳಿಯಲು ಅದೇ ಜನರಿಗೆ ಮತ್ತೊಮ್ಮೆ ಪ್ರಶ್ನಾವಳಿ ಕೊಡಬೇಕು. ನಡುವಿನ ಅವಧಿಯನ್ನು ಅಳೆಯುವ ಗುಣವೇ ನಿರ್ಧರಿಸುತ್ತದೆ. ವ್ಯಕ್ತಿತ್ವದಂಥ ನಿಧಾನವಾಗಿ ಬದಲಾಗುವ ಗುಣಕ್ಕೆ ಕೆಲವು ವಾರಗಳು ಸರಿ, ಆದರೆ ಕಳೆದ ಎರಡು ವಾರಗಳ ಮನಃಸ್ಥಿತಿಯನ್ನು ಕೇಳುವ ಪಿಎಚ್‌ಕ್ಯೂ-9ನ್ನು ಒಂದು ತಿಂಗಳ ನಂತರ ಕೇಳಿದರೆ ನಿಜವಾದ ಬದಲಾವಣೆಯನ್ನೇ ದೋಷವೆಂದು ಎಣಿಸಿದಂತಾಗುತ್ತದೆ. ಮೂಲ ಅಧ್ಯಯನದಲ್ಲಿ 48 ಗಂಟೆಗಳ ಒಳಗೆ ದೂರವಾಣಿಯಲ್ಲಿ ಮತ್ತೆ ಕೇಳಿದಾಗ ಸಹಸಂಬಂಧ 0.84 ಇತ್ತು. ಸಾಮಾನ್ಯ ಸಹಸಂಬಂಧ ಗುಣಾಂಕವು ಎಲ್ಲರ ಅಂಕವೂ ಒಂದೇ ಪ್ರಮಾಣದಲ್ಲಿ ಮೇಲೇರಿದ್ದನ್ನು ಹಿಡಿಯಲಾರದು. ಆದ್ದರಿಂದ ಅಂಕಗಳ ನೇರ ಒಮ್ಮತವನ್ನು ನೋಡುವ ರೂಪದ ಅಂತರ್ವರ್ಗ ಸಹಸಂಬಂಧವನ್ನು ಲೆಕ್ಕ ಹಾಕಿ, ಎರಡೂ ಸಲದ ಸರಾಸರಿಗಳನ್ನು ಪಕ್ಕಪಕ್ಕದಲ್ಲಿ ಕೊಡಿ.

ಗುಣಾಂಕದಲ್ಲಿ ನಿಲ್ಲದೆ ಅದನ್ನು ಅಂಕಗಳ ಭಾಷೆಗೆ ತನ್ನಿ. ನಿಮ್ಮ ಮಾದರಿಯಲ್ಲಿ ಅಂಕಗಳ ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) 5, ವಿಶ್ವಸನೀಯತೆ 0.84 ಎಂದಿಟ್ಟುಕೊಳ್ಳಿ. 1ರಿಂದ 0.84 ಕಳೆದು, ಉಳಿದ 0.16ರ ವರ್ಗಮೂಲವಾದ 0.4ನ್ನು 5ರಿಂದ ಗುಣಿಸಿದರೆ ಮಾಪನದ ಮಾನಕ ದೋಷ 2 ಎಂದು ಸಿಗುತ್ತದೆ. ಅಂದರೆ 10 ಅಂಕ ಪಡೆದವರ ಸುತ್ತ ಶೇ. 95ರ ಭರವಸೆಯ ವ್ಯಾಪ್ತಿ ಸುಮಾರು 6ರಿಂದ 14. ಒಬ್ಬರ ಅಂಕ ಚಿಕಿತ್ಸೆಯ ನಂತರ 12ರಿಂದ 8ಕ್ಕೆ ಇಳಿದರೆ ಅದು ಸುಧಾರಣೆಯೆಂದು ಹೇಳಬಹುದೇ? ಎರಡು ಅಳತೆಗಳ ವ್ಯತ್ಯಾಸಕ್ಕೆ ಎರಡೂ ಕಡೆಯ ದೋಷ ಸೇರುವುದರಿಂದ, ಈ ಲೆಕ್ಕದಲ್ಲಿ ಸುಮಾರು 5.5ಕ್ಕಿಂತ ಕಡಿಮೆಯ ಬದಲಾವಣೆ ಆಕಸ್ಮಿಕವಾಗಿಯೂ ಬರಬಹುದು. 0.84 ಎಂಬ ಸಂಖ್ಯೆ ಕಾಗದದ ಮೇಲೆ ಬಹಳ ಚೆನ್ನಾಗಿ ಕಾಣುತ್ತದೆ. ಒಬ್ಬ ವ್ಯಕ್ತಿಯ ಬಗ್ಗೆ ತೀರ್ಮಾನಿಸುವಾಗ ಅದು ಎಷ್ಟು ಸಡಿಲ ಎಂಬುದನ್ನು ಈ ಸಣ್ಣ ಲೆಕ್ಕ ತೋರಿಸಿಕೊಡುತ್ತದೆ. ಗುಂಪುಗಳ ಸರಾಸರಿಯನ್ನು ಹೋಲಿಸುವವರಿಗೆ ಈ ತೊಡಕು ಇಷ್ಟು ಕಾಡುವುದಿಲ್ಲ.

ಇಬ್ಬರು ಸಂದರ್ಶಕರು ರೋಗನಿರ್ಣಯ ಮಾಡುವಲ್ಲಿ ಅವರಿಬ್ಬರ ಒಮ್ಮತವನ್ನೂ ಅಳೆಯಬೇಕು. ನೂರು ಜನರಲ್ಲಿ 10 ಜನರಿಗೆ ಖಿನ್ನತೆಯಿದೆ ಎಂದು ಇಬ್ಬರೂ, 80 ಜನರಿಗೆ ಇಲ್ಲವೆಂದು ಇಬ್ಬರೂ ಹೇಳಿದರು, ಉಳಿದ 10 ಜನರಲ್ಲಿ ಐವರಿಗೆ ಮೊದಲನೆಯವರು ಮಾತ್ರ, ಐವರಿಗೆ ಎರಡನೆಯವರು ಮಾತ್ರ ಇದೆ ಎಂದರು ಎನ್ನೋಣ. ಒಮ್ಮತ ಶೇ. 90. ಆದರೆ ಇಬ್ಬರೂ ಶೇ. 15 ಜನರಿಗೆ "ಇದೆ" ಎನ್ನುವವರಾದ್ದರಿಂದ, ರೋಗಿಯನ್ನು ನೋಡದೆಯೇ ಹೇಳಿದ್ದರೂ ಶೇ. 74.5ರಷ್ಟು ಒಮ್ಮತ ತಾನಾಗಿ ಬರುತ್ತಿತ್ತು. ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ಕಪ್ಪಾ ಗುಣಾಂಕ ಈ ಆಕಸ್ಮಿಕ ಭಾಗವನ್ನು ಕಳೆಯುತ್ತದೆ: 0.90ರಿಂದ 0.745 ಕಳೆದು, 0.255ರಿಂದ ಭಾಗಿಸಿದರೆ 0.61. ವರದಿಯಲ್ಲಿ ಬರೆಯಬೇಕಾದದ್ದು ಈ ಸಂಖ್ಯೆ.

ಸಪ್ರಮಾಣತೆಯ ಪುರಾವೆ

ಗಡಿ ಅಂಕವನ್ನು ಬಳಸುವವರಿಗೆ ಮಾನದಂಡ ಸಪ್ರಮಾಣತೆ ಮುಖ್ಯ. ಪ್ರಶ್ನಾವಳಿಯ ಫಲಿತಾಂಶವನ್ನು ತರಬೇತಿ ಪಡೆದವರು ನಡೆಸಿದ ರೋಗನಿರ್ಣಯ ಸಂದರ್ಶನದೊಡನೆ ಹೋಲಿಸಬೇಕು. ಸಂದರ್ಶನ ನಡೆಸುವವರಿಗೆ ಪ್ರಶ್ನಾವಳಿಯ ಅಂಕ ತಿಳಿದಿರಬಾರದು, ಸಂದರ್ಶನ ಒಂದೆರಡು ದಿನಗಳೊಳಗೆ ನಡೆಯಬೇಕು. ಹೆಚ್ಚು ಅಂಕ ಪಡೆದವರನ್ನಷ್ಟೇ ಸಂದರ್ಶಿಸಿದರೆ ಮಾಪನ ತಪ್ಪಿಸಿಕೊಂಡವರು ಯಾರೆಂದು ಎಂದಿಗೂ ತಿಳಿಯದು, ಹಾಗಾಗಿ ಕಡಿಮೆ ಅಂಕದವರಲ್ಲಿಯೂ ಚೀಟಿ ಎತ್ತಿದಂತೆ ಆರಿಸಿದ ಒಂದು ಭಾಗವನ್ನು ಸಂದರ್ಶಿಸಲೇಬೇಕು.

ಮೂಲ ಅಧ್ಯಯನದಲ್ಲಿ ಹೀಗೆ ಸಂದರ್ಶಿಸಿದ 580 ಜನರಲ್ಲಿ 10 ಮತ್ತು ಅದಕ್ಕಿಂತ ಹೆಚ್ಚಿನ ಅಂಕವು ತೀವ್ರ ಖಿನ್ನತೆ ಇದ್ದವರಲ್ಲಿ ಶೇ. 88 ಜನರನ್ನು ಗುರುತಿಸಿತು, ಇಲ್ಲದವರಲ್ಲಿ ಶೇ. 88 ಜನರನ್ನು ಸರಿಯಾಗಿ ಹೊರಗಿಟ್ಟಿತು. ಈ ಎರಡು ಸಂಖ್ಯೆಗಳು ಎಲ್ಲಿಯೂ ಹೀಗೆಯೇ ಇರುತ್ತವೆ ಎಂದು ಒಂದು ಕ್ಷಣ ಒಪ್ಪಿದರೂ, ಬಳಕೆಯ ಜಾಗ ಬದಲಾದಾಗ ಅರ್ಥವೇ ಬದಲಾಗುತ್ತದೆ. ನೂರರಲ್ಲಿ ನಲವತ್ತು ಜನರಿಗೆ ಖಿನ್ನತೆಯಿರುವ ಮನೋರೋಗ ಚಿಕಿತ್ಸಾಲಯದಲ್ಲಿ ಸಾವಿರ ಜನರನ್ನು ಪರೀಕ್ಷಿಸಿದರೆ 352 ಜನ ಸರಿಯಾಗಿ, 72 ಜನ ತಪ್ಪಾಗಿ ಗಡಿ ದಾಟುತ್ತಾರೆ. ಗಡಿ ದಾಟಿದವರಲ್ಲಿ ಶೇ. 83 ಜನರಿಗೆ ನಿಜವಾಗಿಯೂ ಖಿನ್ನತೆಯಿದೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಆ ಹೊತ್ತಿಗೆ ಖಿನ್ನತೆಯಿದ್ದವರು ಸುಮಾರು ಶೇ. 2.7. ಅದೇ ಪ್ರಶ್ನಾವಳಿಯನ್ನು ಮನೆಮನೆಗೆ ಒಯ್ದು ಸಾವಿರ ಜನರನ್ನು ಕೇಳಿದರೆ ಗಡಿ ದಾಟುವ ಸುಮಾರು 141 ಜನರಲ್ಲಿ 24 ಜನರಿಗೆ ಮಾತ್ರ ಖಿನ್ನತೆಯಿರುತ್ತದೆ, ಅಂದರೆ ಶೇ. 17. "ನಮ್ಮ ತಾಲ್ಲೂಕಿನಲ್ಲಿ ಶೇ. 14 ಜನರಿಗೆ ಖಿನ್ನತೆ" ಎಂಬ ತಲೆಬರಹ ಹುಟ್ಟುವುದು ಹೀಗೆ. ಗಡಿ ದಾಟಿದವರನ್ನು ಮುಂದಿನ ತಪಾಸಣೆಗೆ ಕಳಿಸಬಹುದೇ ಹೊರತು ರೋಗಿಗಳೆಂದು ಎಣಿಸಬಾರದು. ನಿಮ್ಮ ಜನರಿಗೆ ಯಾವ ಗಡಿ ಸೂಕ್ತ ಎಂಬುದನ್ನು ನಿಮ್ಮ ಮಾಹಿತಿಯಿಂದಲೇ ನಿರ್ಧರಿಸಿ. ಅದು 10 ಆಗಿಯೇ ಇರಬೇಕಿಲ್ಲ.

ರಚನಾ ಸಪ್ರಮಾಣತೆ ಇನ್ನೂ ವಿಸ್ತಾರವಾದದ್ದು. ಕ್ರಾನ್‌ಬ್ಯಾಕ್ ಮತ್ತು ಮೀಲ್ 1955ರಲ್ಲಿ ವಾದಿಸಿದಂತೆ, ನೇರವಾಗಿ ಕಾಣದ ಗುಣವೊಂದನ್ನು ಅಳೆಯುತ್ತಿದ್ದೇವೆ ಎನ್ನಬೇಕಾದರೆ ಆ ಗುಣ ಬೇರೆ ಗುಣಗಳೊಡನೆ ಹೇಗೆ ಸಂಬಂಧಿಸಬೇಕು ಎಂದು ಸಿದ್ಧಾಂತ ಹೇಳುತ್ತದೆಯೋ ಹಾಗೆ ಅಂಕಗಳು ನಡೆದುಕೊಳ್ಳುವುದನ್ನು ತೋರಿಸಬೇಕು. ಕ್ಯಾಂಪ್‌ಬೆಲ್ ಮತ್ತು ಫಿಸ್ಕ್ 1959ರಲ್ಲಿ ಇದಕ್ಕೆ ಸೇರಿಸಿದ ಮಾತು ನಮ್ಮ ಪ್ರಬಂಧಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುತ್ತದೆ: ಸಂಬಂಧ ಇರಬೇಕಾದಲ್ಲಿ ಇರುವುದಷ್ಟೇ ಸಾಲದು, ಇರಬಾರದಲ್ಲಿ ಇಲ್ಲದಿರುವುದನ್ನೂ ತೋರಿಸಬೇಕು. ಪಿಎಚ್‌ಕ್ಯೂ-9 ಮತ್ತೊಂದು ಖಿನ್ನತೆ ಮಾಪನದೊಡನೆ ಹೊಂದಿಕೊಂಡರೆ ಸಂತೋಷ, ಆದರೆ ಅದು ಆತಂಕದ ಮಾಪನದೊಡನೆಯೂ ಅಷ್ಟೇ ಹೊಂದಿಕೊಂಡರೆ ಖಿನ್ನತೆಯನ್ನೇ ಅಳೆದಿದ್ದೇವೆ ಎನ್ನಲಾಗದು. ಮಧುಮೇಹಿಗಳಲ್ಲಿ, ಬಾಣಂತಿಯರಲ್ಲಿ, ವೃದ್ಧರಲ್ಲಿ ಇದು ಇನ್ನಷ್ಟು ಸೂಕ್ಷ್ಮ. ನಿದ್ದೆ, ಸುಸ್ತು, ಹಸಿವಿನ ಕುರಿತ ಮೂರು ಪ್ರಶ್ನೆಗಳಿಗೆ ಅವರು ಕಾಯಿಲೆಯ ಕಾರಣಕ್ಕೋ ಕೂಸಿನ ಕಾರಣಕ್ಕೋ ಪೂರ್ಣ ಅಂಕ ಪಡೆದು, ಮನಸ್ಸಿನಲ್ಲಿ ಯಾವ ಖಿನ್ನತೆಯೂ ಇಲ್ಲದೆ 9ರವರೆಗೆ ತಲುಪಬಹುದು. ಅಂಥ ಗುಂಪಿನಲ್ಲಿ ದೇಹದ ಪ್ರಶ್ನೆಗಳನ್ನೂ ಮನಸ್ಸಿನ ಪ್ರಶ್ನೆಗಳನ್ನೂ ಬೇರೆ ಮಾಡಿ ವಿಶ್ಲೇಷಿಸಿ, ಒಂದಂಶದ ರಚನೆಯೋ ಎರಡಂಶದ್ದೋ ಎಂಬುದನ್ನು ದೃಢೀಕರಣ ಅಂಶ ವಿಶ್ಲೇಷಣೆಯಿಂದ (ಮೊದಲೇ ಊಹಿಸಿದ ರಚನೆ ಉತ್ತರಗಳಿಗೆ ಹೊಂದುತ್ತದೆಯೇ ಎಂದು ನೋಡುವ ಬಗೆ) ಪರೀಕ್ಷಿಸಿ. ಪ್ರಶ್ನೆಗೆ ಹತ್ತು ಜನರಂತೆ 90 ಜನ ಸಾಕೆಂಬ ರೂಢಿಯ ಲೆಕ್ಕ ನನಗೆ ಸಮಾಧಾನ ತಂದಿಲ್ಲ. 200ಕ್ಕಿಂತ ಕಡಿಮೆ ಜನರಿದ್ದರೆ ಈ ವಿಶ್ಲೇಷಣೆಯನ್ನು ಕೈಬಿಡುವುದೇ ಲೇಸು. ಗಂಡಸರನ್ನೂ ಹೆಂಗಸರನ್ನೂ ಹೋಲಿಸುವ ಉದ್ದೇಶವಿದ್ದರೆ ಪ್ರಶ್ನೆಗಳು ಎರಡೂ ಗುಂಪುಗಳಲ್ಲಿ ಒಂದೇ ರೀತಿ ವರ್ತಿಸುತ್ತವೆಯೇ ಎಂಬುದನ್ನೂ ಮೊದಲೇ ನೋಡಬೇಕು.

ಇಡೀ ಅಧ್ಯಯನದ ಬಾಹ್ಯ ಸಪ್ರಮಾಣತೆಯ, ಅಂದರೆ ಫಲಿತಾಂಶ ಬೇರೆ ಜನರಿಗೂ ಸಲ್ಲುವುದರ, ಬಗ್ಗೆ ಒಂದೇ ಮಾತು. ಬೆಂಗಳೂರಿನ ಒಂದೇ ಕಾಲೇಜಿನ ವಿದ್ಯಾರ್ಥಿಗಳಿಂದ ಪಡೆದ ಫಲಿತಾಂಶಕ್ಕೆ "ಕರ್ನಾಟಕದ ಯುವಜನರು" ಎಂಬ ಶೀರ್ಷಿಕೆ ಹೊಂದುವುದಿಲ್ಲ.

ಒಂಬತ್ತನೆಯ ಪ್ರಶ್ನೆಯ ಹೊಣೆ

ಪಿಎಚ್‌ಕ್ಯೂ-9ರ ಕೊನೆಯ ಪ್ರಶ್ನೆ ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಆಲೋಚನೆಯನ್ನು ಕೇಳುತ್ತದೆ. ಇದಕ್ಕೆ "ಹೌದು" ಎಂದವರಿದ್ದಾಗ ಏನು ಮಾಡಬೇಕು ಎಂಬುದನ್ನು ಮಾಹಿತಿ ಸಂಗ್ರಹದ ಮೊದಲ ದಿನಕ್ಕೂ ಮುಂಚೆಯೇ ತೀರ್ಮಾನಿಸಿ, ನೈತಿಕ ಸಮಿತಿಗೆ ಬರೆದು ಕೊಟ್ಟಿರಬೇಕು. ಅದೇ ದಿನ ಅವರೊಡನೆ ಮಾತನಾಡಬಲ್ಲ ತರಬೇತಿ ಪಡೆದವರು ಯಾರು, ಹತ್ತಿರದ ಮನೋವೈದ್ಯರು ಎಲ್ಲಿದ್ದಾರೆ ಎಂಬುದು ತಂಡದ ಪ್ರತಿಯೊಬ್ಬರಿಗೂ ತಿಳಿದಿರಲಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಭಾಗವಹಿಸಿದ ಎಲ್ಲರಿಗೂ ಮುದ್ರಿಸಿ ಕೊಡಿ. ಹೆಸರಿಲ್ಲದ ಆನ್‌ಲೈನ್ ಫಾರ್ಮ್‌ನಲ್ಲಿ ಈ ಪ್ರಶ್ನೆಗೆ ಉತ್ತರಿಸಿದವರನ್ನು ತಲುಪಲು ದಾರಿಯಿರುವುದಿಲ್ಲ. ಈ ಏರ್ಪಾಡು ಸಾಧ್ಯವಿಲ್ಲದವರು ಒಂಬತ್ತನೆಯದನ್ನು ಬಿಟ್ಟ ಎಂಟು ಪ್ರಶ್ನೆಗಳ ರೂಪವಾದ ಪಿಎಚ್‌ಕ್ಯೂ-8ನ್ನು ಬಳಸಬಹುದು, ಆಗ ಒಟ್ಟು ಅಂಕ 24ಕ್ಕೆ ನಿಲ್ಲುತ್ತದೆ.

ವರದಿಯಲ್ಲಿ ಬರೆಯುವ ಬಗೆ

"ಮಾಪನವು ವಿಶ್ವಸನೀಯವೂ ಸಪ್ರಮಾಣವೂ ಆಗಿದೆ" ಎಂಬ ವಾಕ್ಯದ ಬದಲು ಯಾರಲ್ಲಿ, ಎಷ್ಟು ಜನರಲ್ಲಿ, ಹೇಗೆ ಕೇಳಿದಾಗ, ಯಾವ ಗುಣಾಂಕ, ಎಷ್ಟು ವ್ಯಾಪ್ತಿಯೊಡನೆ ಬಂತು ಎಂದು ಬರೆಯಿರಿ. ಹಿಂದಿನವರ ಸಂಖ್ಯೆಗಳನ್ನು ಹಿಂದಿನವರದ್ದೆಂದೇ ಗುರುತಿಸಿ, ನಿಮ್ಮವುಗಳನ್ನು ಪಕ್ಕದಲ್ಲಿಡಿ. ಪ್ರಶ್ನಾವಳಿಯನ್ನು ಓದಿ ಹೇಳಿದಿರೋ, ಅವರೇ ತುಂಬಿದರೋ ಎಂಬುದನ್ನು ಮರೆಯಬೇಡಿ. ಎರಡೂ ನಡೆದಿದ್ದರೆ ವಿಶ್ವಸನೀಯತೆಯನ್ನು ಬೇರೆ ಬೇರೆಯಾಗಿ ಕೊಡಿ. ಆಲ್ಫಾ 0.62 ಬಂದಿದ್ದರೆ 0.62 ಎಂದೇ ಬರೆದು, ಅದು ನಿಮ್ಮ ಉಳಿದ ಫಲಿತಾಂಶಗಳನ್ನು ಎಷ್ಟು ದುರ್ಬಲಗೊಳಿಸುತ್ತದೆ ಎಂದು ವಿವರಿಸಿ. ಗುಣಾಂಕ ಏರುವವರೆಗೆ ಒಂದೊಂದೇ ಪ್ರಶ್ನೆಯನ್ನು ಕೈಬಿಟ್ಟು, ಉಳಿದದ್ದಕ್ಕೆ ಮೂಲ ಮಾಪನದ ಹೆಸರನ್ನೇ ಇಡುವುದು ಅಪ್ರಾಮಾಣಿಕತೆ. ಪ್ರಶ್ನೆಗಳು ಕಡಿಮೆಯಾದರೆ ಅದು ಬೇರೊಂದು ಮಾಪನ. ಮೂಲದ ಗಡಿ ಅಂಕಗಳು ಅದಕ್ಕೆ ಅನ್ವಯಿಸುವುದಿಲ್ಲ. ಕನ್ನಡ ರೂಪದ ಪೂರ್ಣ ಪಠ್ಯವನ್ನು, ಅನುಮತಿಯ ಮಿತಿಯೊಳಗೆ, ಅನುಬಂಧದಲ್ಲಿ ಮುದ್ರಿಸಿ. ಅದರ ಜೊತೆಗೆ ಪ್ರತಿ ಪ್ರಶ್ನೆಯ ಸರಾಸರಿ, ಮಾನಕ ವಿಚಲನೆ ಮತ್ತು ಉತ್ತರಿಸದೆ ಬಿಟ್ಟವರ ಸಂಖ್ಯೆಯ ಪಟ್ಟಿಯಿದ್ದರೆ, ಅದೇ ರೂಪವನ್ನು ಬೇರೊಂದು ಜಿಲ್ಲೆಯಲ್ಲಿ ಬಳಸಲಿರುವ ಮುಂದಿನ ಸಂಶೋಧಕರು ತಮ್ಮ ಅಂಕಗಳನ್ನು ಅದರೊಡನೆ ಹೋಲಿಸಿ ನೋಡಬಹುದು.